ಕಟ್ಟಿಹಾಕಿದರೆ ಕಾಪಾಡಿದಂತೆಯೇ?

ನರ್ಸಿಂಗ್ ಹೋಂ ಎಂದೊಡನೆ ನಮ್ಮ ಊರುಗಳಲ್ಲಿ ನೆನಪಾಗುವುದು ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಸೇರಿ, ನಾಲ್ಕು ದಿನ ಇದ್ದು ಮನೆಗೆ ಮರಳುವ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಈ ಪದಕ್ಕೆ ಅರ್ಥವೇ ಬೇರೆ. ತಾವಾಗಿ ಎದ್ದು ನಡೆಯಲಾರದ, ನೆನಪು ಮಾಸಿದ ವೃದ್ಧರು ವರ್ಷಗಟ್ಟಲೆ, ಅನೇಕ ವೇಳೆ ಕೊನೆಯುಸಿರಿನವರೆಗೂ ವಾಸಿಸುವ ಆರೈಕೆ ಗೃಹ ಅದು. ಅಂಥ ಗೃಹಗಳು ಈಗ ನಮ್ಮ ನಗರಗಳಲ್ಲೂ ಕಾಣಿಸಿಕೊಳ್ಳುತ್ತಿವೆ. ಆದ್ದರಿಂದ ವೃದ್ಧರ ಸುರಕ್ಷತೆಯನ್ನು ಅಳೆಯಲು ಆ ದೇಶ ಹೇಗೆ ಕಲಿತುಕೊಂಡಿತು ಎಂಬ ಚರಿತ್ರೆ ನಮಗೂ ಉಪಯುಕ್ತ.

1935ರಲ್ಲಿ ಅಮೆರಿಕದ ಸಾಮಾಜಿಕ ಭದ್ರತಾ ಕಾಯಿದೆ ಬಡ ವೃದ್ಧರಿಗೆ ನಗದು ನೆರವು ನೀಡಿತು. ಆದರೆ ಸರ್ಕಾರಿ ಅನಾಥಾಲಯಗಳಲ್ಲಿ ಇದ್ದವರಿಗೆ ಆ ಹಣ ಸಿಗುತ್ತಿರಲಿಲ್ಲ. ಅದನ್ನು ಪಡೆಯಲು ವೃದ್ಧರು ಖಾಸಗಿ ಮನೆಗಳಿಗೆ ಬಂದು ಸೇರತೊಡಗಿದರು. 1965ರಲ್ಲಿ ಮೆಡಿಕೇರ್, ಮೆಡಿಕೈಡ್ ಯೋಜನೆಗಳು ಬಂದ ಮೇಲೆ ಸರ್ಕಾರದ ಹಣ ಹೊಳೆಯಾಗಿ ಹರಿಯಿತು. ಆರೈಕೆ ಒಂದು ಉದ್ಯಮವಾಗಿ ಬೆಳೆಯಿತು. ತಪಾಸಣೆ ಮಾತ್ರ ಅದರ ಹಿಂದೆ ಕುಂಟುತ್ತ ಸಾಗಿತು.

1970ರ ಜನವರಿ 9ರಂದು ಒಹಾಯೊ ರಾಜ್ಯದ ಮ್ಯಾರಿಯೆಟ್ಟಾ ಪಟ್ಟಣದ ಇಂಥದೊಂದು ಗೃಹದಲ್ಲಿ ಬೆಂಕಿ ಬಿದ್ದು 30ಕ್ಕೂ ಹೆಚ್ಚು ವೃದ್ಧರು ಸತ್ತರು. ಕಟ್ಟಡ ಹೊಸದು, ಸುಲಭವಾಗಿ ಉರಿಯುವಂಥದಲ್ಲ. ಆದರೆ ನೆಲಕ್ಕೆ ಹಾಸಿದ್ದ ಜಮಖಾನೆ ಹೊತ್ತಿ ಎಬ್ಬಿಸಿದ ದಟ್ಟ ಹೊಗೆಗೆ ಅವರು ಬಲಿಯಾದರು. ಗೋಡೆ ಭದ್ರವಾಗಿದ್ದ ಮಾತ್ರಕ್ಕೆ ಒಳಗಿರುವವರು ಸುರಕ್ಷಿತರಲ್ಲ ಎಂಬುದು ಅಂದು ದುಬಾರಿ ಬೆಲೆ ತೆತ್ತು ಕಲಿತ ಪಾಠ.

ಪ್ರಶ್ನೆ ಕಟ್ಟಡದ್ದಷ್ಟೇ ಆಗಿರಲಿಲ್ಲ. ಆಗಿನ ತಪಾಸಣಾ ನಮೂನೆಗಳು, ಆರೈಕೆ ಕೊಡುವ ಸಾಮರ್ಥ್ಯ ಸಂಸ್ಥೆಗೆ ಉಂಟೇ ಎಂದು ಕೇಳುತ್ತಿದ್ದವು. ಅಡುಗೆಮನೆ ಇದೆಯೇ, ದಾಖಲೆ ಪುಸ್ತಕ ಇದೆಯೇ ಎಂಬಂತಹ ಪ್ರಶ್ನೆಗಳು. ಅಡುಗೆ ಆದ ಮೇಲೆ ಅನ್ನ ಅಜ್ಜಿಯ ಬಾಯಿಗೆ ತಲುಪಿತೇ ಎಂದು ಕೇಳುವವರಿರಲಿಲ್ಲ. ಇದನ್ನು ಪ್ರಶ್ನಿಸಿ 1975ರಲ್ಲಿ ಕೊಲರಾಡೊ ರಾಜ್ಯದ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ನಿವಾಸಿಗಳಿಗೆ ನಿಜವಾಗಿ ದೊರೆಯುತ್ತಿರುವ ಆರೈಕೆಯನ್ನು ಅರಿಯುವ ವ್ಯವಸ್ಥೆ ರೂಪಿಸುವುದು ಕೇಂದ್ರ ಸರ್ಕಾರದ ಕರ್ತವ್ಯವೆಂದು 1984ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. 1986ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವಿಸ್ತೃತ ವರದಿಯನ್ನು ನೀಡಿತು. ಅದರ ಫಲವಾಗಿ 1987ರಲ್ಲಿ ಸುಧಾರಣಾ ಕಾಯಿದೆ ಬಂತು. ಪ್ರತಿ ನಿವಾಸಿಯ ಸ್ಥಿತಿಗತಿಯನ್ನು ಒಂದೇ ಮಾನದಂಡದಿಂದ ದಾಖಲಿಸಬೇಕು. ಸಹಾಯಕಿಯರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಬೇಕು. ತಪಾಸಕರು ಮುನ್ಸೂಚನೆ ಕೊಡದೆ ಬಂದು ನಿವಾಸಿಗಳೊಡನೆಯೇ ಮಾತನಾಡಬೇಕು ಎಂದು ವಿಧಿಸಲಾಯಿತು.

ಈ ಕಾಯಿದೆ ತಂದ ಅತಿ ದೊಡ್ಡ ಬದಲಾವಣೆ ಕಟ್ಟಿಹಾಕುವ ಪದ್ಧತಿಗೆ ಸಂಬಂಧಿಸಿದ್ದು. ಬಿದ್ದಾರು ಎಂಬ ಭಯದಿಂದ ವೃದ್ಧರನ್ನು ಕುರ್ಚಿಗೆ, ಮಂಚಕ್ಕೆ ಪಟ್ಟಿಗಳಿಂದ ಬಿಗಿಯುವುದು ಅಲ್ಲಿ ನಿತ್ಯದ ರೂಢಿಯಾಗಿತ್ತು. 1980ರ ದಶಕದ ಕೊನೆಯಲ್ಲಿ ನೂರಕ್ಕೆ ಸುಮಾರು 40 ನಿವಾಸಿಗಳು ಹೀಗೆ ಬಂಧಿತರಾಗಿದ್ದರು. ಅದಕ್ಕೆ ಇಟ್ಟಿದ್ದ ಹೆಸರು ‘ರಕ್ಷಣೆ’. ಆದರೆ ಕಟ್ಟಿದ ಕಾಲು ಬಲಗುಂದುತ್ತದೆ, ಒತ್ತಿದ ಮೈ ಹುಣ್ಣಾಗುತ್ತದೆ. ಬಿಡಿಸಿಕೊಳ್ಳಲು ಹೆಣಗುವಾಗ ಪಟ್ಟಿಯೇ ಉರುಳಾದ ಪ್ರಸಂಗಗಳೂ ಉಂಟು. 1992ರಲ್ಲಿ ಕನೆಕ್ಟಿಕಟ್ ರಾಜ್ಯದ 12 ಗೃಹಗಳ ಅಧ್ಯಯನವೊಂದು ಪ್ರಕಟವಾಯಿತು. ಕಟ್ಟದೆ ಬಿಟ್ಟವರಲ್ಲಿ ನೂರಕ್ಕೆ 5 ಮಂದಿ ಬಿದ್ದು ತೀವ್ರ ಗಾಯಗೊಂಡಿದ್ದರೆ, ಕಟ್ಟಲ್ಪಟ್ಟವರಲ್ಲಿ ಆ ಪ್ರಮಾಣ 17. ಕಟ್ಟಲ್ಪಟ್ಟವರು ಮೊದಲೇ ಹೆಚ್ಚು ದುರ್ಬಲರಿದ್ದಿರಬಹುದೆಂದು ಆ ಅಂಶಗಳನ್ನು ಲೆಕ್ಕಕ್ಕೆ ಹಿಡಿದಾಗಲೂ ಸಂಬಂಧ ಉಳಿಯಿತು. ಶಿಸ್ತಿಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ಯಾರನ್ನೂ ಕಟ್ಟುವಂತಿಲ್ಲವೆಂದು ಕಾಯಿದೆ ಹೇಳಿತ್ತು. 2010ರ ದಶಕದ ಮಧ್ಯದ ವೇಳೆಗೆ ಬಂಧಿತರು ನೂರಕ್ಕೆ 2ಕ್ಕಿಂತಲೂ ಕಡಿಮೆಯಾದರು.

ಹಾಗೆಂದು ಕಥೆ ಸುಖಾಂತವಲ್ಲ. ಪಟ್ಟಿ ಬಿಚ್ಚಿದರೂ ಗುಳಿಗೆಯ ಬಂಧನ ಉಳಿದಿತ್ತು. ಮರೆವಿನ ರೋಗಿಗಳನ್ನು ಸುಮ್ಮನಿರಿಸಲು ಮನೋರೋಗದ ಔಷಧಗಳನ್ನು ಕೊಡಲಾಗುತ್ತಿತ್ತು. ಇವು ಅಂಥ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಬೆಂಕಿಯ ಪಾಠವಂತೂ ಇನ್ನೂ ನಿಧಾನ. 2003ರಲ್ಲಿ ಹಾರ್ಟ್‌ಫರ್ಡ್, ನ್ಯಾಶ್‌ವಿಲ್ ನಗರಗಳಲ್ಲಿ ಮತ್ತೆ ವೃದ್ಧರು ಬೆಂಕಿಗೆ ತುತ್ತಾದರು. ಛಾವಣಿಯಿಂದ ತಾನೇ ನೀರು ಸಿಂಪಡಿಸುವ ಸಾಧನ ಎಲ್ಲ ಗೃಹಗಳಿಗೂ ಕಡ್ಡಾಯವಾಗಿ ಜಾರಿಗೆ ಬಂದದ್ದು 2013ರ ಆಗಸ್ಟ್‌ನಲ್ಲಿ. ಮ್ಯಾರಿಯೆಟ್ಟಾ ದುರಂತವಾಗಿ ಆಗಲೇ 43 ವರ್ಷ ಕಳೆದಿತ್ತು.

ನಮ್ಮಲ್ಲಿ ಕಟ್ಟುವುದರ ಘೋರ ಫಲವನ್ನು 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಕಂಡೆವು. ಮಾನಸಿಕ ರೋಗಿಗಳನ್ನು ಇರಿಸಿದ್ದ ತಡಿಕೆಯ ಆಲಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಣಿ ತೊಡಿಸಿದ್ದ 25ಕ್ಕೂ ಹೆಚ್ಚು ಜನ ಓಡಲಾರದೆ ಸುಟ್ಟುಹೋದರು. ಮಾನಸಿಕ ರೋಗಿಗಳನ್ನು ಯಾವ ರೀತಿಯಲ್ಲೂ ಸರಪಣಿಯಿಂದ ಬಂಧಿಸಕೂಡದೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ನಿಷೇಧಿಸಿದೆ. ವೃದ್ಧರ ವಿಷಯಕ್ಕೆ ಬಂದರೆ, ತಂದೆತಾಯಿ ಮತ್ತು ಹಿರಿಯ ನಾಗರಿಕರ 2007ರ ಕಾಯಿದೆ ಜಿಲ್ಲೆಗೊಂದಾದರೂ ವೃದ್ಧಾಶ್ರಮದ ಮಾತನ್ನಾಡುತ್ತದೆ, ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಅಲ್ಲಿ ಸ್ಥಳವಿರಬೇಕೆನ್ನುತ್ತದೆ. ಆಶ್ರಮಗಳ ನಿರ್ವಹಣೆ ಹೇಗಿರಬೇಕೆಂದು ನಿಗದಿಪಡಿಸುವ ಕೆಲಸ ರಾಜ್ಯಗಳದು. ಹಾಸಿಗೆಗಳನ್ನು ಎಣಿಸುವುದು ಸುಲಭ. ಹಾಸಿಗೆಯ ಮೇಲಿರುವವರ ದಿನ ಹೇಗೆ ಕಳೆಯಿತೆಂದು ತಿಳಿಯುವುದು ಕಷ್ಟ.

ವಿಜ್ಞಾನದಲ್ಲಿ ಏನನ್ನು ಅಳೆಯಬೇಕೆಂದು ನಿರ್ಧರಿಸುವುದೇ ಅರ್ಧ ಕೆಲಸ. ಹಿರಿಯರನ್ನು ಒಂದು ಗೃಹಕ್ಕೆ ಸೇರಿಸಲು ಹೊರಟವರು ಹೊಳೆಯುವ ನೆಲ, ಹೂದೋಟ, ಮುದ್ರಿತ ಕೈಪಿಡಿ ನೋಡಿ ಮರಳಿದರೆ ಸಾಲದು. ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಇರುತ್ತಾರೆ? ಕರೆದರೆ ಎಷ್ಟು ಹೊತ್ತಿಗೆ ಬರುತ್ತಾರೆ? ಯಾವ ಗುಳಿಗೆ, ಯಾತಕ್ಕೆ? ಯಾರನ್ನಾದರೂ ಕಟ್ಟುತ್ತಾರೆಯೇ? ಇವನ್ನು ಕಚೇರಿಯಲ್ಲಿ ಕೇಳಿದ ಮೇಲೆ, ಒಳಗೆ ಮಂಚದ ಮೇಲೆ ಮಲಗಿರುವ ಅಜ್ಜಿಯನ್ನೂ ಒಮ್ಮೆ ಕೇಳಬೇಕು.