ಒಳಗೆ ಬೀಗದ ಕೈ, ಹೊರಗೆ ಒಡೆಯ

ಬೀಗವು ಕಳ್ಳನನ್ನು ತಡೆಯುತ್ತದೆ ಎಂದು ನಾವೆಲ್ಲರೂ ನಂಬಿದ್ದೇವೆ. ನಿಜವಾಗಿ ನೋಡಿದರೆ ಅದು ತಡೆಯುವುದು ಬೀಗದ ಕೈ ಇಲ್ಲದವನನ್ನು. ಇವೆರಡರ ನಡುವಣ ಅಂತರ ಎಷ್ಟೆಂಬುದು ನನಗೆ ಮನವರಿಕೆಯಾದುದು ಒಂದು ಏಪ್ರಿಲ್ ತಿಂಗಳ ಮಧ್ಯಾಹ್ನ, ಮಂಡ್ಯದಿಂದ ಮೈಸೂರಿಗೆ ಹಿಂದಿರುಗುವ ದಾರಿಯಲ್ಲಿ.

ಎಳನೀರಿನ ಗಾಡಿಯನ್ನು ಕಂಡು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಮೂರು ವರ್ಷದ ಮಗಳು ನಿದ್ದೆಹೋಗಿದ್ದಳು. ಹೆಂಡತಿಯೂ ನಾನೂ ಇಳಿದೆವು. ಹತ್ತು ಹೆಜ್ಜೆಯ ದೂರ, ಎರಡು ನಿಮಿಷದ ಕೆಲಸ. ಇಳಿಯುವಾಗ ನನ್ನ ಹೆಬ್ಬೆರಳು ಎಷ್ಟೋ ವರ್ಷಗಳ ಅಭ್ಯಾಸಬಲದಿಂದ ಬಾಗಿಲಿನ ಗುಂಡಿಯನ್ನು ಒತ್ತಿಬಿಟ್ಟಿತ್ತು. ಬಾಗಿಲನ್ನು ತಳ್ಳಿದೆ, ನಾಲ್ಕು ಬಾಗಿಲುಗಳೂ ಒಟ್ಟಿಗೆ 'ಟಕ್' ಎಂದವು. ಬೀಗದ ಕೈ ಸ್ಟಿಯರಿಂಗಿನ ಪಕ್ಕದಲ್ಲಿ ತೂಗಾಡುತ್ತಿದ್ದುದು ಗಾಜಿನ ಮೂಲಕ ಚೆನ್ನಾಗಿ ಕಾಣುತ್ತಿತ್ತು. ಅದರ ಜೋಡಿ ಮೈಸೂರಿನ ಮನೆಯ ಬೀರುವಿನಲ್ಲಿತ್ತು.

ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನೊಳಗಿನ ಉಷ್ಣತೆ ಹತ್ತೇ ನಿಮಿಷದಲ್ಲಿ ಸುಮಾರು ೧೦ ಡಿಗ್ರಿ ಸೆಲ್ಸಿಯಸ್ ಏರಬಲ್ಲುದು. ಇದನ್ನು ನಾನು ಎಲ್ಲೋ ಓದಿದ್ದೆ. ಓದಿದ್ದು ಆ ಹೊತ್ತಿನಲ್ಲಿ ನೆನಪಾಗಬಾರದಿತ್ತು, ಆಯಿತು. ನಾಲ್ಕು ಬಾಗಿಲುಗಳನ್ನೂ ಎಳೆದೆ, ಜಗ್ಗಿದೆ. ಜನ ಸೇರಿದರು. ದಾರಿಯಲ್ಲಿ ಹೋಗುತ್ತಿದ್ದ ಪೋಲೀಸಿನವರೊಬ್ಬರು ಬಂದು, "ಗಾಡಿ ನಿಮ್ಮದೇನ್ರಿ?" ಎಂದರು. ಹೌದೆಂದೆ. "ದಾಖಲೆ ಇದೆಯೇ?" ದಾಖಲೆ ಕಾರಿನೊಳಗಿತ್ತು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಕಾರಿನ ಬಾಗಿಲನ್ನು ಮುರಿಯಲು ನೋಡುತ್ತಿರುವವನನ್ನು ಕೇಳಬೇಕಾದ ಪ್ರಶ್ನೆಯೇ ಅದು. ಅಷ್ಟರಲ್ಲಿ ಎಳನೀರಿನ ಮುದುಕ ಒಂದು ಕಲ್ಲನ್ನು ನನ್ನ ಕೈಗಿತ್ತು, "ಗ್ಲಾಸು ಹೋದ್ರೆ ಬತ್ತದೆ ಬುದ್ದಿ, ಹೊಡೀರಿ" ಎಂದ. ಮಗುವಿನಿಂದ ದೂರವಾಗಿದ್ದ ಮುಂದಿನ ಬಾಗಿಲಿನ ಗಾಜಿಗೆ ಹೊಡೆದೆ. ಮೂರನೆಯ ಪೆಟ್ಟಿಗೆ ಅದು ಅವಲಕ್ಕಿಯ ಹಾಗೆ ಉದುರಿತು.

ಮಗಳು ಬೆವೆತಿದ್ದಳು, ಅಳುತ್ತಿದ್ದಳು, ಬೇರೆ ತೊಂದರೆಯಾಗಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ವಂತ ಗಾಡಿಗೆ ತಾನೇ ಕನ್ನ ಹಾಕಬೇಕಾದ ಈ ಸ್ಥಿತಿ ಮನುಷ್ಯನಿಗೆ ಎಂದಿನಿಂದ ಬಂದಿತು, ಹೇಗೆ ಬಂದಿತು ಎಂದು ಹುಡುಕತೊಡಗಿದೆ.

ಮೊದಲು ನಮ್ಮ ಮಾತನ್ನೇ ನೋಡೋಣ. ಹಳೆಯ ಮೈಸೂರಿನ ಕಡೆ ಬೀಗ, ಬೀಗದ ಕೈ ಎನ್ನುತ್ತೇವೆ. ಧಾರವಾಡದ ಕಡೆಯವರು ಕೀಲಿ, ಕೀಲಿ ಕೈ ಎನ್ನುತ್ತಾರೆ. ಇವೆರಡರ ಜೊತೆಗೆ ಬಳಕೆಯಲ್ಲಿರುವ 'ಚಾವಿ' ಎಂಬುದು ಪೋರ್ಚುಗೀಸರ ನುಡಿಯಿಂದ ಬಂದ ಮಾತು. ನಮ್ಮ ಹಿರಿಯರು ಈ ಸಲಕರಣೆಯನ್ನು 'ಕೈ' ಎಂದು ಕರೆದುದು ಬಹಳ ಯೋಗ್ಯವಾಗಿದೆ. ಬೀಗಕ್ಕೆ ಕೈಯುಂಟು, ಕಣ್ಣಿಲ್ಲ. ಆ ಕೈ ಯಾರ ಕೈಯಲ್ಲಿದೆ ಎಂಬುದನ್ನು ಅದು ನೋಡಲಾರದು.

ನಮ್ಮ ಹಳ್ಳಿಯ ತೊಟ್ಟಿ ಮನೆಗಳಲ್ಲಿ ಈ ಕಷ್ಟ ಅಷ್ಟಾಗಿ ಇರಲಿಲ್ಲ. ಹೆಬ್ಬಾಗಿಲಿಗೆ ಒಳಗಿನಿಂದ ಮರದ ಅಗುಳಿ. ಅಗುಳಿ ಬಿದ್ದಿದೆ ಎಂದರೆ ಒಳಗೆ ಜನರಿದ್ದಾರೆ ಎಂದೇ ಅರ್ಥ. ತಡವಾಗಿ ಬಂದವನು ಹೊರಗೆ ನಿಂತು, "ಅಜ್ಜೀ, ಬಾಗಿಲು ತೆಗಿ" ಎಂದು ಕೂಗಿದರೆ ಸಾಕು. ಅಜ್ಜಿ ದನಿಯನ್ನು ಗುರುತು ಹಿಡಿದು, ಎರಡು ಮಾತು ಬೈದು, ಬಾಗಿಲು ತೆಗೆಯುತ್ತಿದ್ದಳು. ಒಡೆಯನಾರು, ಅನ್ಯನಾರು ಎಂಬುದನ್ನು ತೀರ್ಮಾನಿಸುತ್ತಿದ್ದುದು ಅಜ್ಜಿಯ ಕಿವಿ. ಅಗುಳಿ ಕೇವಲ ಮರದ ತುಂಡು.

ಮನೆಯಲ್ಲಿ ಯಾರೂ ಇಲ್ಲದಾಗ ಏನು ಮಾಡಬೇಕು ಎಂಬ ಪ್ರಶ್ನೆ ಬಂದಾಗ ಬೀಗ ಹುಟ್ಟಿತು. ಪ್ರಾಚೀನ ಈಜಿಪ್ಟಿನವರ ಬೀಗ ಮರದ್ದು. ಅಡ್ಡಲಾಗಿ ಸರಿಯುವ ಅಗುಳಿಯಲ್ಲಿ ಕೆಲವು ತೂತುಗಳು. ಮೇಲಿನಿಂದ ಆ ತೂತುಗಳೊಳಕ್ಕೆ ತಮ್ಮ ಭಾರದಿಂದಲೇ ಬೀಳುವ ಗೂಟಗಳು. ಹಲ್ಲುಜ್ಜುವ ಬ್ರಷ್ಷಿನ ಆಕಾರದ ದೊಡ್ಡದೊಂದು ಮರದ ಬೀಗದ ಕೈಯನ್ನು ಒಳಕ್ಕೆ ತೂರಿಸಿ ಎತ್ತಿದರೆ ಗೂಟಗಳು ಮೇಲೇಳುತ್ತಿದ್ದವು, ಅಗುಳಿ ಸರಿಯುತ್ತಿತ್ತು. ಅಸ್ಸೀರಿಯದ ಖೋರ್ಸಬಾದಿನ ಅರಮನೆಯ ಅವಶೇಷಗಳಲ್ಲಿಯೂ ಇಂಥ ಬೀಗ ದೊರೆತಿದೆ. ಇಲ್ಲಿ ಗಮನಿಸಬೇಕಾದುವು ಎರಡು. ಅಗುಳಿಯನ್ನು ಮನುಷ್ಯನೇ ಮನಸ್ಸಿಟ್ಟು ತಳ್ಳಬೇಕಾಗಿತ್ತು. ಬಾಗಿಲು ತಾನಾಗಿ ಬೀಗ ಹಾಕಿಕೊಳ್ಳುತ್ತಿರಲಿಲ್ಲ. ಎರಡನೆಯದಾಗಿ, ಅಷ್ಟು ದೊಡ್ಡ ಬೀಗದ ಕೈಯನ್ನು ಮರೆತುಬಿಡುವುದು ಸುಲಭವಾಗಿರಲಿಲ್ಲ. ಬೈಬಲಿನ ಯೆಶಾಯನ ಗ್ರಂಥದಲ್ಲಿ ದಾವೀದನ ಮನೆಯ ಬೀಗದ ಕೈಯನ್ನು ಹೆಗಲ ಮೇಲೆ ಇಡುವ ಮಾತು ಬರುತ್ತದೆ.

ಮುಂದಿನ ಅನೇಕ ಶತಮಾನಗಳಲ್ಲಿ ಲೋಹದ ಬೀಗಗಳು ಬಂದುವಾದರೂ ಕಳ್ಳನಿಗೂ ಬೀಗಕ್ಕೂ ಇದ್ದ ಪೈಪೋಟಿ ತೀವ್ರವಾದುದು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ. ೧೭೮೪ರಲ್ಲಿ ಜೋಸೆಫ್ ಬ್ರಾಮಾ ಎಂಬಾತ ಹೊಸ ಬಗೆಯ ಬೀಗವೊಂದಕ್ಕೆ ಹಕ್ಕುಪತ್ರ ಪಡೆದ. ೧೭೯೦ರಲ್ಲಿ ಲಂಡನ್ನಿನ ಪಿಕಡಿಲಿ ಬೀದಿಯ ತನ್ನ ಅಂಗಡಿಯ ಕಿಟಕಿಯಲ್ಲಿ ಅಂಥ ಒಂದು ಬೀಗವನ್ನಿಟ್ಟು, ಇದನ್ನು ತೆರೆಯಬಲ್ಲ ಸಲಕರಣೆಯನ್ನು ಮಾಡಿದವನಿಗೆ ೨೦೦ ಗಿನ್ನಿ ಬಹುಮಾನವೆಂದು ಬರೆಸಿದ. ಬ್ರಾಮಾ ೧೮೧೪ರಲ್ಲಿ ತೀರಿಕೊಂಡ. ಬೀಗ ಕಿಟಕಿಯಲ್ಲಿ ಉಳಿಯಿತು.

ಅದನ್ನು ತೆರೆದವನು ಅಮೆರಿಕದ ಆಲ್‌ಫ್ರೆಡ್ ಚಾರ್ಲ್ಸ್ ಹಾಬ್ಸ್. ೧೮೫೧ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕೆ ಬಂದಿದ್ದ ಆತ ಮೊದಲು ಚಬ್ ಸಂಸ್ಥೆಯ ಪ್ರಖ್ಯಾತ ಬೀಗವನ್ನು ಸುಮಾರು ೨೫ ನಿಮಿಷಗಳಲ್ಲಿ ತೆರೆದ. ಆ ಬಳಿಕ ಬ್ರಾಮಾ ಬೀಗದ ಮುಂದೆ ಕುಳಿತ. ೧೬ ದಿನಗಳ ಅವಧಿಯಲ್ಲಿ ಹಂಚಿಹೋದ ೫೧ ಗಂಟೆಗಳ ಕೆಲಸದ ನಂತರ ಅದೂ ತೆರೆಯಿತು. ಅರುವತ್ತು ವರ್ಷಗಳಿಗೂ ಮೀರಿ ನಿಂತಿದ್ದ ನಂಬಿಕೆ ಕುಸಿದಾಗ ಇಂಗ್ಲೆಂಡಿನಲ್ಲಿ ದೊಡ್ಡ ಚರ್ಚೆಯೆದ್ದಿತು. ಆದರೆ ಬೀಗ ಅಂದು ಹೊಸದೇನನ್ನೂ ಮಾಡಿರಲಿಲ್ಲ. ತನ್ನ ಒಳಗಿನ ತುಂಡುಗಳು ಸರಿಯಾದ ಸ್ಥಾನಕ್ಕೆ ಬಂದರೆ ತೆರೆದುಕೊಳ್ಳುವುದು ಅದರ ಧರ್ಮ. ಅವುಗಳನ್ನು ಅಲ್ಲಿಗೆ ತಂದವನು ಒಡೆಯನೋ ಹಾಬ್ಸನೋ ಎಂಬುದು ಅದಕ್ಕೆ ಬೇಡದ ವಿಷಯ.

ನನ್ನ ಏಪ್ರಿಲ್ ತಿಂಗಳ ಸಂಕಟಕ್ಕೆ ನೇರವಾದ ಪೂರ್ವಜನೆಂದರೆ ಲೈನಸ್ ಯೇಲ್. ಹೊಸ ಪ್ರಾಯದಲ್ಲಿ ಚಿತ್ರಗಾರನಾಗಿದ್ದ ಈ ಅಮೆರಿಕನ್ ಈಜಿಪ್ಟಿನ ಬೀಗದ ತತ್ತ್ವವನ್ನೇ ಚಿಕ್ಕದಾದ ಲೋಹದ ಉರುಳೆಯೊಳಕ್ಕೆ ತಂದ. ೧೮೬೧ ಮತ್ತು ೧೮೬೫ರಲ್ಲಿ ಅದಕ್ಕೆ ಹಕ್ಕುಪತ್ರಗಳನ್ನು ಪಡೆದು ೧೮೬೮ರಲ್ಲಿ ಕಾಲವಾದ. ಇಂದು ನಮ್ಮ ಜೇಬಿನಲ್ಲಿರುವ, ಅಂಚಿಗೆ ಹಲ್ಲುಗಳಿರುವ ಚಪ್ಪಟೆ ಬೀಗದ ಕೈ ಆತನ ಕೊಡುಗೆ. ಹೆಗಲ ಮೇಲಿದ್ದುದು ಜೇಬಿಗಿಳಿಯಿತು. ಜೇಬಿನಲ್ಲಿರುವುದು ಎಲ್ಲಿ ಬೇಕಾದರೂ ಮರೆತುಹೋಗಬಲ್ಲುದು.

ಇಂಥ ಉರುಳೆಯನ್ನು ಸ್ಪ್ರಿಂಗಿನ ಚಿಲಕದೊಂದಿಗೆ ಜೋಡಿಸಿದಾಗ ಬಾಗಿಲನ್ನು ಎಳೆದುಕೊಂಡರೆ ಸಾಕು, ಬೀಗ ತಾನೇ ಬೀಳತೊಡಗಿತು. ಹಳೆಯ ಕಾಲದ ನಮ್ಮ ದಪ್ಪ ಬೀಗಗಳಲ್ಲಿ ಬಹಳಷ್ಟನ್ನು ಹಾಕುವುದಕ್ಕೂ ಬೀಗದ ಕೈ ತಿರುಗಿಸಬೇಕಾಗಿತ್ತು. ಹಾಕಿದವನ ಕೈಯಲ್ಲಿ ಬೀಗದ ಕೈ ಇದ್ದೇ ಇರುತ್ತಿತ್ತು. ಅದು ಒಳಗುಳಿಯುವ ಸಂಭವವೇ ಇರಲಿಲ್ಲ. ಸ್ಪ್ರಿಂಗಿನ ಬೀಗ ಈ ಕಟ್ಟನ್ನು ಕಡಿಯಿತು. ಬೆಳಗಿನ ಹಾಲಿನ ಪೊಟ್ಟಣ ತರಲೆಂದು ಹೊಸ್ತಿಲು ದಾಟಿದಾಗ ಗಾಳಿಗೆ ಬಾಗಿಲು ಮುಚ್ಚಿ, ಪಂಚೆ ಬನಿಯನ್ನುಗಳಲ್ಲಿ ಹೊರಗೆ ನಿಂತ ಗೃಹಸ್ಥರನ್ನು ನಮ್ಮ ಬಡಾವಣೆಗಳಲ್ಲಿ ಯಾರು ಕಂಡಿಲ್ಲ!

ಮೋಟಾರು ಗಾಡಿಯಾದರೋ ಮೊದಲಿಗೆ ಬಾಗಿಲೂ ಬೀಗವೂ ಇಲ್ಲದೆ ಹುಟ್ಟಿತು. ೧೮೮೬ರಲ್ಲಿ ಕಾರ್ಲ್ ಬೆನ್ಜ್ ಹಕ್ಕುಪತ್ರ ಪಡೆದ ಮೂರು ಚಕ್ರದ ಗಾಡಿಗೆ ಬೀಗದ ಕೈ ಇರಲಿಲ್ಲ. ೧೮೮೮ರ ಆಗಸ್ಟಿನಲ್ಲಿ ಆತನ ಹೆಂಡತಿ ಬರ್ತಾ ಬೆನ್ಜ್ ಗಂಡನಿಗೆ ಮುಂಚಿತವಾಗಿ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಗಾಡಿಯಲ್ಲಿ ಮನ್‌ಹೈಮಿನಿಂದ ಫೋರ್ಜ್‌ಹೈಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿಬಂದಳು. ಮೋಟಾರಿನ ಚರಿತ್ರೆಯಲ್ಲಿ ಮೊದಲ ದೂರಪ್ರಯಾಣ ಅದು. ಗಾಡಿಗೆ ಬೀಗವಿದ್ದು, ಬೀಗದ ಕೈ ಯಜಮಾನನ ಜೇಬಿನಲ್ಲಿದ್ದಿದ್ದರೆ ಆ ಪ್ರಯಾಣ ನಡೆಯುತ್ತಿತ್ತೋ ಇಲ್ಲವೋ.

ಗಾಡಿಗೆ ಮಾಡು, ಗಾಜು, ಬಾಗಿಲುಗಳು ಬಂದ ಮೇಲೆ ಬೀಗವೂ ಬಂದಿತು. ೧೯೧೯ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಪೂರ್ತಿ ಮುಚ್ಚಿದವು ನೂರಕ್ಕೆ ಹತ್ತರಷ್ಟಿದ್ದರೆ, ೧೯೨೭ರ ಹೊತ್ತಿಗೆ ಅವು ನೂರಕ್ಕೆ ಎಂಬತ್ತೈದರಷ್ಟಾಗಿದ್ದುವು. ಕಳವೂ ಬೆಳೆಯಿತು. ಕದ್ದ ಮೋಟಾರನ್ನು ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಸಾಗಿಸುವುದನ್ನು ಅಪರಾಧವೆಂದು ಸಾರಿದ ಅಮೆರಿಕದ ಕಾನೂನು ೧೯೧೯ರದು. ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ 'ಟಿ' ಗಾಡಿಗಳಿಗೆ ಕೊಡುತ್ತಿದ್ದ ಬೀಗದ ಕೈಗಳಲ್ಲಿ ಇದ್ದುವು ಸುಮಾರು ಎರಡು ಡಜನ್ ಬಗೆ ಮಾತ್ರ. ಒಬ್ಬನದು ಇನ್ನೊಬ್ಬನ ಗಾಡಿಗೆ ಕೂಡುವುದರಲ್ಲಿ ಆಶ್ಚರ್ಯವೇನು?

೧೯೪೯ರಲ್ಲಿ ಕ್ರೈಸ್ಲರ್ ಸಂಸ್ಥೆ ಬೀಗದ ಕೈಯನ್ನು ತಿರುಗಿಸಿದರೇ ಎಂಜಿನ್ನು ಹೊರಡುವಂತೆ ಮಾಡಿತು. ಇದರಿಂದ ಬೀಗದ ಕೈಗೆ ಗಾಡಿಯೊಳಗೆ ಒಂದು ಶಾಶ್ವತ ಸ್ಥಾನ ದೊರೆಯಿತು. ಪ್ರಯಾಣದುದ್ದಕ್ಕೂ ಅದು ಅಲ್ಲೇ ಇರಬೇಕು, ಇಳಿಯುವಾಗ ನೆನಪಿನಿಂದ ಕೀಳಬೇಕು. ಮರೆವಿಗೆ ಇದಕ್ಕಿಂತ ಒಳ್ಳೆಯ ಜಾಗವನ್ನು ಯಾರೂ ಕಲ್ಪಿಸಲಾರರು. ತಯಾರಕರಿಗೂ ಇದು ತಿಳಿಯದ ವಿಷಯವೇನಲ್ಲ. ಕೆಲವು ಕಾರುಗಳಲ್ಲಿ ಚಾಲಕನ ಬಾಗಿಲನ್ನು ಹೊರಗಿನಿಂದ ಬೀಗದ ಕೈಯಿಂದಲೇ ಮುಚ್ಚಬೇಕಾಗಿತ್ತು. ಕೆಲವರು ಹಿಡಿಯನ್ನು ಎತ್ತಿ ಹಿಡಿದುಕೊಂಡು ಮುಚ್ಚಿದರೆ ಮಾತ್ರ ಬೀಗ ಬೀಳುವಂತೆ ಮಾಡಿದರು. ಬೀಗದ ಕೈಯನ್ನು ಅದರ ತಾಣದಲ್ಲೇ ಬಿಟ್ಟು ಚಾಲಕ ಬಾಗಿಲು ತೆರೆದರೆ ಎಚ್ಚರಿಸಬೇಕೆಂಬ ನಿಯಮ ಅಮೆರಿಕದಲ್ಲಿ ೧೯೭೦ರಿಂದ ಜಾರಿಗೆ ಬಂದಿತು. ಅದು ಕಳ್ಳನನ್ನು ಉದ್ದೇಶಿಸಿ ಮಾಡಿದ ನಿಯಮ; ಉಪಕಾರವಾದುದು ಮರೆಗುಳಿ ಒಡೆಯನಿಗೆ.

ನಮ್ಮಲ್ಲಿ ಅಂಬಾಸಡರ್ ಕಾರುಗಳ ಕಾಲದಲ್ಲಿ ಮುಂದಿನ ಬಾಗಿಲಿನ ಮೂಲೆಯಲ್ಲಿ ಗಾಳಿಗಾಗಿ ಚಿಕ್ಕದೊಂದು ತ್ರಿಕೋನದ ಗಾಜಿರುತ್ತಿತ್ತು. ಎಷ್ಟೋ ಮಂದಿ ಮರೆಗುಳಿಗಳ ಮಾನವನ್ನು ಉಳಿಸಿದ್ದು ಆ ಗಾಜು. ಗಾಡಿಗಳಿಗೆ ತಂಪಿನ ಯಂತ್ರ ಬಂದ ಮೇಲೆ ಆ ಕಿಂಡಿ ಮಾಯವಾಯಿತು.

ಮುಂದಿನದು ಬೀಗದ ಕೈಯೇ ಕರಗಿಹೋದ ಕಥೆ. ೧೯೮೦ರಲ್ಲಿ ಫೋರ್ಡ್ ಸಂಸ್ಥೆ ಬಾಗಿಲಿನ ಹೊರಮೈಯಲ್ಲಿ ಐದು ಗುಂಡಿಗಳನ್ನಿಟ್ಟು, ಗುಟ್ಟಿನ ಸಂಖ್ಯೆಯನ್ನು ಒತ್ತಿದರೆ ತೆರೆಯುವ ಕಾರನ್ನು ತಂದಿತು. ೧೯೮೨ರಲ್ಲಿ ಫ್ರಾನ್ಸಿನ ರೆನೋ ಫ್ಯುಗೋ ಕಾರಿಗೆ ದೂರದಿಂದಲೇ ತೆರೆಯುವ ಸಾಧನ ಬಂದಿತು. ಅದನ್ನು ಕಂಡುಹಿಡಿದ ಪಾಲ್ ಲಿಪ್‌ಶುಟ್ಸ್‌ನ ಹೆಸರಿನಿಂದ ಫ್ರೆಂಚರು ಆ ಸಾಧನವನ್ನು 'ಪ್ಲಿಪ್' ಎಂದೇ ಕರೆದರು. ೧೯೯೮ರ ಹೊತ್ತಿಗೆ ಸರಿಯಾದ ಸಂಕೇತ ದೊರೆಯದೆ ಎಂಜಿನ್ನು ಹೊರಡದಂಥ ವ್ಯವಸ್ಥೆ ಯುರೋಪಿನ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಕಳ್ಳನ ದಾರಿ ಬಿಗಿಯಾಯಿತು, ನಿಜ. ಅದರೊಂದಿಗೆ ಒಡೆಯನ ದಾರಿಯೂ ಬಿಗಿಯಾಯಿತು. ೨೦೨೧ರ ನವೆಂಬರಿನಲ್ಲಿ ಟೆಸ್ಲಾ ಸಂಸ್ಥೆಯ ದೂರದ ಗಣಕ ವ್ಯವಸ್ಥೆ ಕೆಲಕಾಲ ಕೆಟ್ಟಾಗ, ಮೊಬೈಲನ್ನೇ ಬೀಗದ ಕೈಯೆಂದು ನಂಬಿ ಬೇರೇನನ್ನೂ ತಾರದಿದ್ದ ಹಲವರು ತಮ್ಮ ಕಾರಿನ ಹೊರಗೆ ನಿಂತರು. ಅವರ ಕೈಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಈ ದೀರ್ಘ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿ ಮಾತ್ರ ಬೇರೆ. ೧೯೯೮ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಕೆಲವೇ ವಾರಗಳಲ್ಲಿ ಹನ್ನೊಂದು ಮಕ್ಕಳು ಕಾರುಗಳ ಹಿಂಬದಿಯ ಸಾಮಾನು ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡು ಸತ್ತರು. ಆ ಮುಚ್ಚಳವನ್ನು ಒಳಗಿನಿಂದ ತೆರೆಯುವ ಉಪಾಯವೇ ಇರಲಿಲ್ಲ. ೧೯೯೫ರಲ್ಲಿ ದರೋಡೆಕೋರರು ಅಂಥ ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದ ಜಾನೆಟ್ ಫೆನೆಲ್ ಎಂಬ ಮಹಿಳೆ, ಬದುಕಿ ಬಂದ ಮೇಲೆ ಇದಕ್ಕಾಗಿ ಹೋರಾಡುತ್ತಿದ್ದರು. ಕೊನೆಗೆ ೨೦೦೧ರ ಸೆಪ್ಟೆಂಬರಿನಿಂದ ಅಂಥ ಪೆಟ್ಟಿಗೆಯುಳ್ಳ ಹೊಸ ಕಾರುಗಳಲ್ಲೆಲ್ಲ ಒಳಗಿನಿಂದ ತೆರೆಯುವ ಹಿಡಿಯೊಂದು ಅಲ್ಲಿ ಕಡ್ಡಾಯವಾಯಿತು. ಅನೇಕ ಕಾರುಗಳಲ್ಲಿ ಅದು ಕತ್ತಲೆಯಲ್ಲಿ ಹೊಳೆಯುವ ಚಿಕ್ಕ ಪ್ಲಾಸ್ಟಿಕ್ಕಿನ ತುಂಡು. ಬ್ರಾಮಾನಿಂದ ಈಚೆಗೆ ಇನ್ನೂರು ವರ್ಷಕ್ಕೂ ಮಿಗಿಲಾಗಿ ಬೀಗದ ಜಾಣ್ಮೆಯೆಲ್ಲ ಹೊರಗೆ ನಿಂತವನನ್ನು ಕುರಿತೇ ಚಿಂತಿಸಿತ್ತು. ಒಳಗಿರುವವನನ್ನು ಕುರಿತು ಚಿಂತಿಸಲು ಹನ್ನೊಂದು ಮಕ್ಕಳು ಸಾಯಬೇಕಾಯಿತು.

ಅಂದು ಪೋಲೀಸಿನವರು ನನ್ನ ದಾಖಲೆಯನ್ನು ಕೇಳಿದರು. ಎಳನೀರಿನ ಮುದುಕ ಏನನ್ನೂ ಕೇಳಲಿಲ್ಲ. ಗಾಡಿ ಯಾರದೆಂಬುದು ಅವನಿಗೆ ಬೇಕಾಗಿರಲಿಲ್ಲ. ಗಾಜಿನ ಹಿಂದೆ ಮಗುವಿರುವುದನ್ನೂ, ಹೊರಗೆ ನಿಂತವನ ಮುಖವನ್ನೂ ಅವನು ನೋಡಿದ್ದ. ಆಮೇಲೆ ಎಳನೀರಿನ ಹಣವನ್ನು ಎಷ್ಟು ಒತ್ತಾಯಿಸಿದರೂ ತೆಗೆದುಕೊಳ್ಳಲಿಲ್ಲ. ಒಡೆದ ಗಾಜಿನ ಚೂರುಗಳನ್ನು ಅವನ ಹೆಂಡತಿಯೇ ಗುಡಿಸಿ ಹಾಕಿದಳು.

ಕಾರಿಗೆ ಹೊಸ ಗಾಜು ಬಂದಿದೆ. ಬೀರುವಿನಲ್ಲಿದ್ದ ಎರಡನೆಯ ಬೀಗದ ಕೈ ಈಗ ನನ್ನ ಹೆಂಡತಿಯ ಕೈಚೀಲದಲ್ಲಿರುತ್ತದೆ. ಮಗಳು ನಿದ್ದೆಹೋಗಿದ್ದರೆ ನಮ್ಮಲ್ಲಿ ಒಬ್ಬರು ಇಳಿಯುವುದಿಲ್ಲ.