ಮದ್ದಿನ ಕೋಣೆಯ ಬೀಗ, ಆಳಿನ ಹಾಜರಿ

2021ರ ಜನವರಿ 21ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಶಿವಮೊಗ್ಗದ ನೆಲ ನಡುಗಿತು. ಕಿಟಕಿ ಗಾಜು ಉದುರಿದವು. ಭೂಕಂಪ ಅಂದುಕೊಂಡ ಜನ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದರು. ಪಕ್ಕದ ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳಲ್ಲೂ ಅದು ಅನುಭವಕ್ಕೆ ಬಂತು. ಭೂಮ್ತಾಯಿಯ ಕೆಲಸವಲ್ಲ ಅದು. ಅಬ್ಬಲಗೆರೆ ಹತ್ತಿರದ ಹುಣಸೋಡಿನಲ್ಲಿ, ಕಲ್ಲು ಕ್ರಷರಿನ ಬಳಿ, ಬಂಡೆ ಸಿಡಿಸಲು ತಂದಿದ್ದ ಜಿಲೆಟಿನ್ ಕಡ್ಡಿಗಳು ಲಾರಿ ಸಮೇತ ಸಿಡಿದಿದ್ದವು.

ಮರುದಿನದ ಮೊದಲ ಸುದ್ದಿಯಲ್ಲಿ ಸತ್ತವರು ಎಂಟು ಮಂದಿ. ಬಿಹಾರದ ಕೂಲಿಗಳಿರಬೇಕು ಅಂದರು. ಆಮೇಲೆ ಲೆಕ್ಕ ಐದಕ್ಕಿಳಿಯಿತು, ಮತ್ತೆ ಏರಿತು. ಬಿಹಾರದವರಲ್ಲ, ಭದ್ರಾವತಿ ಕಡೆಯವರು, ಆಂಧ್ರದ ರಾಯದುರ್ಗದ ಕಡೆಯವರು ಅಂತ ಗೊತ್ತಾಗಲು ದಿನಗಳೇ ಬೇಕಾದವು. ದೇಹ ಇಡಿಯಾಗಿ ಉಳಿದಿರಲಿಲ್ಲ, ನಿಜ. ಆದರೆ ಅಂದು ಆ ಜಾಗದಲ್ಲಿ ಯಾರ್ಯಾರು ಕೆಲಸಕ್ಕಿದ್ದರು ಎಂದು ಒಂದು ಹಾಜರಿ ಪುಸ್ತಕ ತೆಗೆದು ಓದುವಂತಿದ್ದರೆ ಸತ್ತವರ ಲೆಕ್ಕ ಹೀಗೆ ತೂಗಾಡುತ್ತಿರಲಿಲ್ಲ.

ಅದೇ ಶಿವಮೊಗ್ಗದಿಂದ ತೀರ್ಥಹಳ್ಳಿ ಹಾದಿಯಲ್ಲಿ 14 ಕಿಲೋಮೀಟರು ಹೋದರೆ ಸಕ್ರೆಬೈಲು. ತುಂಗೆಯ ಹಿನ್ನೀರಿನ ಪಕ್ಕ ಅರಣ್ಯ ಇಲಾಖೆಯ ಆನೆ ಬಿಡಾರ. ಅಲ್ಲಿ ಪ್ರತಿ ಆನೆಗೂ ಒಂದು ಹೆಸರಿದೆ, ಒಬ್ಬ ಮಾವುತ, ಒಬ್ಬ ಕಾವಾಡಿ ಇದ್ದಾರೆ. ಆನೆಗೆ ಅದು ಸಿಗಬೇಕಾದ್ದೇ, ಆನೆಯ ಮೇಲೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಒಂದೇ ತಾಲೂಕಿನಲ್ಲಿ ಆನೆಗೆ ಸಿಕ್ಕ ಲೆಕ್ಕ ಕಲ್ಲು ಒಡೆಯುವ ಆಳಿಗೆ ಯಾಕೆ ಸಿಕ್ಕಲಿಲ್ಲ ಅನ್ನುವುದೇ ಈ ಬರಹದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಹುಣಸೋಡಿನಿಂದ ಕೋಲಾರದ ಚಿನ್ನದ ಗಣಿಗೆ ಹೋಗಬೇಕು. ಯಾಕೆಂದರೆ ಮದ್ದನ್ನು ಹೇಗೆ ಇಡಬೇಕು, ಯಾರು ಮುಟ್ಟಬೇಕು ಎಂಬ ಪಾಠವನ್ನು ನಮ್ಮ ನಾಡು ಕಲಿತದ್ದು ನೆಲದ ಮೇಲಿನ ಕ್ವಾರಿಯಲ್ಲಲ್ಲ, ನೆಲದಡಿಯ ಸುರಂಗದಲ್ಲಿ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರಕ್ಕೆ ಕಾಲಿಟ್ಟಿತು. ಅದಕ್ಕೆ ಬರೀ 13 ವರ್ಷ ಮೊದಲು, 1867ರಲ್ಲಿ, ಆಲ್‌ಫ್ರೆಡ್ ನೊಬೆಲ್ ಡೈನಮೈಟಿಗೆ ಪೇಟೆಂಟ್ ಪಡೆದಿದ್ದ. ಎರಡೂ ಒಂದಕ್ಕೊಂದು ಹುಟ್ಟಿದವರ ಹಾಗಿವೆ. ಉಳಿ ಸುತ್ತಿಗೆಯಿಂದ, ಕರಿ ಮದ್ದಿನಿಂದ ಮೂರು ಕಿಲೋಮೀಟರು ಆಳಕ್ಕೆ ಇಳಿಯುವುದು ಆಗುವ ಮಾತಲ್ಲ. ಚಾಂಪಿಯನ್ ರೀಫ್ ಗಣಿ ಆ ಆಳವನ್ನೂ ದಾಟಿತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿಗಿಂತ ಮೇಲೆ. ಗಾಳಿಯನ್ನು ತಂಪು ಮಾಡಿ ಒಳಗೆ ಕಳಿಸದಿದ್ದರೆ ಮನುಷ್ಯ ನಿಲ್ಲಲಾರ.

ಹಳೇ ಡೈನಮೈಟಿನ ಗುಣವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅದರ ಜೀವ ನೈಟ್ರೋಗ್ಲಿಸರಿನ್ ಎಂಬ ಎಣ್ಣೆ. ಬರೀ ಎಣ್ಣೆಯಾಗಿ ಇಟ್ಟರೆ ಅಲುಗಾಡಿದರೂ ಸಿಡಿಯುವ ಸ್ವಭಾವ. ನೊಬೆಲ್ ಅದನ್ನು ಒಂದು ಬಗೆಯ ಮಣ್ಣಿಗೆ ಹೀರಿಸಿ ಪಳಗಿಸಿದ. ಆದರೆ ಪಳಗಿದ್ದು ಯಾವಾಗ ಬೇಕಾದರೂ ಕಾಡಿಗೆ ತಿರುಗೀತು. ಬಿಸಿಯಲ್ಲಿ, ತೇವದಲ್ಲಿ ಬಹಳ ದಿನ ಬಿದ್ದರೆ ಕಡ್ಡಿ ಬೆವರುತ್ತದೆ, ಎಣ್ಣೆ ಹೊರಕ್ಕೆ ಒಸರಿ ಪೆಟ್ಟಿಗೆಯ ಹಲಗೆಗೆ ಅಂಟುತ್ತದೆ. ಆಗ ಆ ಪೆಟ್ಟಿಗೆಯನ್ನು ಕಬ್ಬಿಣದ ಸುತ್ತಿಗೆಯಿಂದ ತೆರೆದವನ ಕಥೆ ಮುಗಿಯಿತು. ಅದಕ್ಕೇ ಮದ್ದಿನ ಕೋಣೆಯಲ್ಲಿ ಕಬ್ಬಿಣ ಕೂಡದು, ಮೊಳೆ ಹೊಡೆದ ಬೂಟು ಕೂಡದು, ಬೀಡಿ ಬೆಂಕಿಪೊಟ್ಟಣ ಹೊರಗೇ ಬಿಡಬೇಕು. ಮೊದಲು ಬಂದ ಪೆಟ್ಟಿಗೆ ಮೊದಲು ಹೋಗಬೇಕು, ಹಳೇ ಮಾಲು ಮೂಲೆಯಲ್ಲಿ ಕೊಳೆಯಬಾರದು. ಎಲ್ಲಕ್ಕಿಂತ ದೊಡ್ಡ ನಿಯಮ: ಕಡ್ಡಿ ಬೇರೆ ಕಡೆ, ಕೇಪು ಬೇರೆ ಕಡೆ. ಕೇಪು ಅಂದರೆ ಹಳ್ಳಿಯವರು ಕರೆಯುವ ಡಿಟೋನೇಟರು. ಬೆರಳುದ್ದದ ಲೋಹದ ಕೊಳವೆ, ಸಣ್ಣ ಪೆಟ್ಟಿಗೂ ಕಿಡಿಗೂ ಕೆರಳುತ್ತದೆ. ಕಡ್ಡಿಗೆ ಜೀವ ಕೊಡುವುದೇ ಅದು.

ಈ ಕೋಣೆಗೆ ಮ್ಯಾಗಜಿನ್ ಎಂದು ಹೆಸರು. ನಮ್ಮಂಥ ಸಣ್ಣ ಪತ್ರಿಕೆಗಳಿಗೂ ಅದೇ ಹೆಸರು, ನಮಗೆ ಸಿಡಿಲು ತಡೆಯುವ ಕಂಬ ಹಾಕಿಸುವ ಖರ್ಚಿಲ್ಲ ಅಷ್ಟೆ.

ನೆಲದ ಮೇಲೆ ಮ್ಯಾಗಜಿನ್ ಸಿಡಿದರೆ ಹೊಡೆತ ನಾಲ್ಕು ದಿಕ್ಕಿಗೆ ಹರಡುತ್ತದೆ. ಸುರಂಗದೊಳಗೆ ಹರಡುವುದಕ್ಕೆ ಜಾಗವೆಲ್ಲಿ? ಕೋವಿಯ ನಳಿಗೆಯಲ್ಲಿ ನುಗ್ಗಿದ ಹಾಗೆ ಸುರಂಗದುದ್ದಕ್ಕೂ ನುಗ್ಗುತ್ತದೆ. ಸಿಡಿಯದೆ ಬರೀ ಹೊತ್ತಿ ಉರಿದರೂ ವಿಷದ ಹೊಗೆ ಗಾಳಿಯ ದಾರಿ ಹಿಡಿದು, ಎಲ್ಲೋ ದೂರದಲ್ಲಿ ಕಲ್ಲು ಕೊರೆಯುತ್ತಿರುವವನ ಎದೆಗೆ ಹೋಗುತ್ತದೆ. ಹಾಗಾಗಿ ಗಣಿಯೊಳಗೆ ಮದ್ದನ್ನು ರಾಶಿ ಹಾಕಬಾರದು, ಆ ಪಾಳಿಗೆ ಎಷ್ಟು ಬೇಕೋ ಅಷ್ಟೇ ಇಳಿಯಬೇಕು ಎಂಬ ಕಟ್ಟಳೆ ಬಂತು. ಸ್ವತಂತ್ರ ಭಾರತದಲ್ಲಿ ಲೋಹದ ಗಣಿಗಳಿಗೆಂದೇ 1961ರಲ್ಲಿ ಆದ ನಿಯಮಾವಳಿ ಇದನ್ನೆಲ್ಲ ಅಚ್ಚುಕಟ್ಟಾಗಿ ಬರೆಯಿತು. ಅನುಮತಿ ಇಲ್ಲದೆ ನೆಲದಡಿ ದಾಸ್ತಾನು ಕೂಡದು. ಬೀಗ ಹಾಕಿದ ಡಬ್ಬಿಯಲ್ಲೇ ಒಯ್ಯಬೇಕು, ಒಂದು ಡಬ್ಬಿಯಲ್ಲಿ 5 ಕಿಲೋಗಿಂತ ಹೆಚ್ಚು ಇರಕೂಡದು. ಬೀಗದ ಕೈ ಪರೀಕ್ಷೆ ಪಾಸು ಮಾಡಿದ ಬ್ಲಾಸ್ಟರನ ಹತ್ತಿರವೇ ಇರಬೇಕು. ಉಳಿದ ಕಡ್ಡಿ ಪಾಳಿ ಮುಗಿಯುತ್ತಲೇ ಮ್ಯಾಗಜಿನ್ನಿಗೆ ವಾಪಸ್ಸು, ಪುಸ್ತಕದಲ್ಲಿ ಲೆಕ್ಕ.

ಓದಲು ಚೆನ್ನಾಗಿದೆ. ಆದರೆ ಈ ಬೀಗ ಯಾರ ಭಯಕ್ಕೆ ಹುಟ್ಟಿತು ಅಂತ ಕೇಳಬೇಕಲ್ಲ. ಬ್ರಿಟಿಷರು 1884ರಲ್ಲಿ ಸ್ಫೋಟಕಗಳ ಕಾಯ್ದೆ ತಂದರು. ಅದರಲ್ಲಿ ಅಪಘಾತದ ಕಾಳಜಿಯೂ ಇತ್ತು, ಇಲ್ಲ ಅನ್ನಲಾಗದು. ಆದರೆ 1908ರಲ್ಲಿ ಮುಜಫರ್‌ಪುರದಲ್ಲಿ ಖುದಿರಾಂ ಬೋಸ್ ಮತ್ತು ಪ್ರಫುಲ್ಲ ಚಾಕಿ ಬಾಂಬು ಎಸೆದ ಕೆಲವೇ ವಾರಗಳಲ್ಲಿ ಸ್ಫೋಟಕ ವಸ್ತುಗಳ ಕಾಯ್ದೆ ಧಾವಂತದಲ್ಲಿ ಬಂತು. ದೊರೆಗಳಿಗೆ ಮದ್ದು ಸಿಡಿದು ಕೂಲಿ ಸತ್ತಾನೆ ಎಂಬ ಭಯಕ್ಕಿಂತ, ಕೂಲಿಯ ಕೈಯಿಂದ ಮದ್ದು ಹೊರಗೆ ಹೋದೀತು ಎಂಬ ಭಯ ದೊಡ್ಡದು.

ಕೋಲಾರದಲ್ಲಿ ಇದಕ್ಕೆ ಚಿನ್ನ ಕದ್ದಾರು ಎಂಬ ಇನ್ನೊಂದು ಭಯ ಸೇರಿಕೊಂಡಿತು. ಗಣಿಗಿಳಿದವರು ಯಾರು? ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಸೀಮೆಯ ಚೇರಿಗಳಿಂದ ಬಂದ ಆದಿದ್ರಾವಿಡರೇ ಬಹುಪಾಲು. ಊರಿನ ಜೀತ, ಬರಗಾಲ, ಜಾತಿಯ ಹೊಡೆತ ತಪ್ಪಿಸಿಕೊಂಡು ಬಂದವರು. ಗಣಿ ಉಚ್ಛ್ರಾಯದಲ್ಲಿದ್ದಾಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ದುಡಿಯುತ್ತಿದ್ದರು. ಬಹಳ ಜನರನ್ನು ತಂದವರು ಗುತ್ತಿಗೆದಾರರು. ಕಂಪನಿಯ ಕಣ್ಣಿಗೆ ಇವರೆಲ್ಲ ಮೊದಲು ಕಳ್ಳರು, ಆಮೇಲೆ ಕೆಲಸಗಾರರು. ಪಾಳಿ ಮುಗಿಸಿ ಮೇಲೆ ಬಂದವನ ಮೈ ತಡಕುವುದು ದಿನದ ಶಾಸ್ತ್ರ.

1930ರಲ್ಲಿ ಕಂಪನಿ ಪ್ರತಿಯೊಬ್ಬ ಕೂಲಿಯ ಹೆಬ್ಬೆಟ್ಟಿನ ಗುರುತು ದಾಖಲು ಮಾಡಲು ಹೊರಟಿತು. ಜನ ಎದ್ದು ನಿಂತರು. ಇಡೀ ಗಣಿಪ್ರದೇಶ ವಾರಗಟ್ಟಲೆ ಮುಷ್ಕರ ಹೂಡಿತು. ಇದನ್ನು ಓದುವ ಕೆಲ ಗೆಳೆಯರು ಕೇಳಬಹುದು: ಹಾಜರಿ ಪುಸ್ತಕ ಬೇಕು ಅನ್ನುವ ನೀವು, ಹೆಬ್ಬೆಟ್ಟು ಬೇಡ ಅಂದವರನ್ನು ಹೊಗಳುತ್ತೀರಲ್ಲ? ವ್ಯತ್ಯಾಸವಿದೆ. ಆ ಹೆಬ್ಬೆಟ್ಟು ಒಳಗೆ ಸಿಕ್ಕಿಕೊಂಡವನನ್ನು ಹುಡುಕಲಿಕ್ಕಲ್ಲ, ಮುಷ್ಕರ ಮಾಡಿದವನು, ಕೆಲಸ ಬಿಟ್ಟು ಹೋದವನು ಮತ್ತೆ ಇನ್ನೊಂದು ಗಣಿ ಸೇರದ ಹಾಗೆ ನೋಡಿಕೊಳ್ಳಲಿಕ್ಕೆ ಅಂತ ಕೆಲಸಗಾರರಿಗೆ ಚೆನ್ನಾಗಿ ಅರ್ಥವಾಗಿತ್ತು. ಅಕ್ಷರ ಬಾರದವರಿಗೆ ಪುಸ್ತಕದ ರಾಜಕೀಯ ಗೊತ್ತಿತ್ತು.

ಇದು ಕೋಲಾರದ ಮಾತಷ್ಟೇ ಅಲ್ಲ. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಲ್ಲಿ 1896ರ ಫೆಬ್ರವರಿ 19ರಂದು, ಚಿನ್ನದ ಗಣಿಗಳಿಗೆಂದು ತಂದ ಡೈನಮೈಟಿನ ರೈಲುಡಬ್ಬಿಗಳು ಬ್ರಾಮ್‌ಫಾಂಟೈನ್ ನಿಲ್ದಾಣದಲ್ಲಿ ಸಿಡಿದವು. ಇಳಿಸಿಕೊಳ್ಳುವವರಿಲ್ಲದೆ ಮೂರು ದಿನಕ್ಕೂ ಮೇಲೆ ಬಿಸಿಲಲ್ಲಿ ನಿಂತಿದ್ದವು, ಒಂದು ಎಂಜಿನ್ನು ಬಂದು ತಾಕಿತು. 70ಕ್ಕೂ ಹೆಚ್ಚು ಮಂದಿ ಸತ್ತರು, ರೈಲುದಾರಿ ಪಕ್ಕದ ಬಡವರ ಕೇರಿಗಳು ನೆಲಸಮವಾದವು. ಗಣಿಯ ಮಾಲು ಬೇಕು, ಅದಕ್ಕೊಂದು ನೆರಳಿನ ಜಾಗ ಮಾತ್ರ ಯಾರಿಗೂ ಹೊಳೆಯಲಿಲ್ಲ.

ನಮ್ಮಲ್ಲಿ ಗಣಿಯ ಒಳಗಿಳಿದು ನೋಡಿದ ಮಂತ್ರಿಯೊಬ್ಬರಿದ್ದರು. ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದ ಬಾಬಾಸಾಹೇಬರು 1943ರ ಡಿಸೆಂಬರಿನಲ್ಲಿ ಧನ್‌ಬಾದಿನ ಕಲ್ಲಿದ್ದಲು ಗಣಿಗಿಳಿದರು. 1954ರಲ್ಲಿ ಕೋಲಾರದ ಗಣಿ ಊರಿಗೂ ಬಂದರು. ಗಣಿಯ ಕಾನೂನು ಮದ್ದಿನ ಕಡೆಯಿಂದ ಆಳಿನ ಕಡೆಗೆ ಸ್ವಲ್ಪ ಹೊರಳಿದ್ದು ಆ ಕಾಲದಲ್ಲೇ. 1952ರ ಗಣಿ ಕಾಯ್ದೆ ಅದರ ಮುಂದುವರಿಕೆ.

ಆ ಕಾಯ್ದೆಯಲ್ಲಿ ಒಂದು ಮಾತಿತ್ತು. ಶಿವಮೊಗ್ಗದವರು ಅದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕಿತ್ತು. ಕಟ್ಟಡದ ಕಲ್ಲು, ಜಲ್ಲಿ, ಮಣ್ಣು ತೆಗೆಯುವ ಸಣ್ಣ ಕ್ವಾರಿಗಳಿಗೆ ಕಾಯ್ದೆಯ ಹೆಚ್ಚಿನ ಕಟ್ಟಳೆಗಳಿಂದ ವಿನಾಯಿತಿ ಇತ್ತು, ಷರತ್ತಿನ ಮೇಲೆ. ಆಳ 6 ಮೀಟರು ಮೀರಬಾರದು. ಕೆಲಸಗಾರರು ಯಾವ ದಿನವೂ 50 ದಾಟಬಾರದು. ಸ್ಫೋಟಕ ಬಳಸಲೇಬಾರದು. ಅಂದರೆ ಬಂಡೆಗೆ ಒಂದು ಕಡ್ಡಿ ಇಟ್ಟ ಗಳಿಗೆಗೇ ಊರ ಹೊರಗಿನ ಕಲ್ಲುಕ್ವಾರಿ ಕಾನೂನಿನ ಕಣ್ಣಲ್ಲಿ ಚಾಂಪಿಯನ್ ರೀಫಿನ ಸಾಲಿಗೆ ಸೇರುತ್ತದೆ. ಮ್ಯಾನೇಜರು, ಪರೀಕ್ಷೆ ಪಾಸಾದ ಬ್ಲಾಸ್ಟರು, ಹಾಜರಿ ಪುಸ್ತಕ ಎಲ್ಲ ಬೇಕು. 2021ರಲ್ಲಿ ಹುಣಸೋಡು ಸಿಡಿದಾಗ ಈ ಕಾಯ್ದೆ ಜಾರಿಯಲ್ಲಿತ್ತು. ಹೊತ್ತು ಮುಳುಗಿದ ಮೇಲೆ ಮದ್ದು ಹೇರುವುದು, ಇಳಿಸುವುದು ಕೂಡದು ಎಂದು 2008ರ ಸ್ಫೋಟಕ ನಿಯಮಗಳೂ ಹೇಳುತ್ತಿದ್ದವು. ಲಾರಿ ಸಿಡಿದದ್ದು ರಾತ್ರಿ ಹತ್ತರ ಮೇಲೆ.

ಹಾಗಾದರೆ ಕೋಲಾರದ ಪಾಠ ಹುಣಸೋಡಿಗೆ ಯಾಕೆ ಬರಲಿಲ್ಲ? ಕೋಲಾರದಲ್ಲಿ ಕಂಪನಿ ಒಂದು, ಬಾಗಿಲು ಒಂದು, ಎದುರಿಗೆ ಸಾವಿರಾರು ಆಳುಗಳ ಸಂಘಟನೆ. ಕಂಪನಿ ತನ್ನ ಮಾಲಿನ ಭಯಕ್ಕೆ ಬೀಗ ಹಾಕಿತು, ಆಳುಗಳು ತಮ್ಮ ಜೀವದ ಭಯಕ್ಕೆ ಆ ಬೀಗಕ್ಕೆ ನಿಯಮ ಕೂಡಿಸಿದರು. ಕಲ್ಲಿನ ಕೆಲಸದಲ್ಲಿ ಹಾಗಲ್ಲ. ಇಲ್ಲಿ ಬಂಡೆ ಒಡೆಯುತ್ತ ಬಂದವರು ಭೋವಿಗಳು, ನಾವು ವಡ್ಡರು ಎಂದು ಕರೆದವರು. ಕೆರೆ, ಬಾವಿ, ಕೋಟೆ, ದೇವಸ್ಥಾನ ಎಲ್ಲದರ ಕಲ್ಲೂ ಅವರ ಕೈ ದಾಟಿಯೇ ಬಂದದ್ದು. ಬಂಡೆಯ ಮೇಲೆ ಬೆಂಕಿ ಹಾಕಿ ಬಿರಿಸುವುದು, ಎಳೆ ನೋಡಿ ಉಳಿ ಇಡುವುದು ಅವರ ವಿದ್ಯೆ. ಕಲ್ಲಿನ ಮೇಲೆ ಹಿಡಿತವಿತ್ತು, ಬಂಡೆಯ ಮೇಲೆ ಹಕ್ಕಿರಲಿಲ್ಲ. ಜಲ್ಲಿಗೆ ಬೆಲೆ ಬಂದ ಮೇಲೆ ಬಂಡೆ ಹರಾಜಾಯಿತು, ಕ್ರಷರ್ ಬಂತು, ಧಣಿ ಬಂದ, ಧಣಿಯ ಕೆಳಗೆ ಗುತ್ತಿಗೆದಾರ, ಅವನ ಕೆಳಗೆ ಮೇಸ್ತ್ರಿ, ಅವನ ಕೆಳಗೆ ಈ ಊರಿನವನೋ ಆ ಊರಿನವನೋ ತಿಳಿಯದ ಕೂಲಿ. ಮೇಲಿನವರೆಲ್ಲರಿಗೂ ಅವನು ಪುಸ್ತಕದಲ್ಲಿ ಇಲ್ಲದಿದ್ದರೇ ಅನುಕೂಲ. ಸತ್ತರೆ ಪರಿಹಾರ ಕೇಳುವ ಕಾಗದ ಇರುವುದಿಲ್ಲ. ಮದ್ದೂ ಅಷ್ಟೆ. ಲೆಕ್ಕಕ್ಕೆ ಬಂದರೆ ಪರವಾನಗಿ ತೋರಿಸಬೇಕು.

ಹೀಗೆ ಕೋಲಾರದಲ್ಲಿ ಕಡ್ಡಿಗಾದರೂ ಇದ್ದ ಲೆಕ್ಕ ಇಲ್ಲಿ ಕಡ್ಡಿಗೂ ಇಲ್ಲ, ಆಳಿಗೂ ಇಲ್ಲ.

ಜಿಲೆಟಿನ್ ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. ನೈಟ್ರೋಗ್ಲಿಸರಿನ್ ಸ್ಫೋಟಕಗಳನ್ನು ಭಾರತ ಸರ್ಕಾರ 2004ರಲ್ಲೇ ನಿಷೇಧಿಸಿತು. ಈಗ ಕ್ವಾರಿಗಳಿಗೆ ಬರುವುದು ಬಹುತೇಕ ನೀರು ಬೆರೆತ ಬೇರೆ ಜಾತಿಯ ಮದ್ದು, ಬೆವರುವ ಕಾಟ ಅದಕ್ಕಿಲ್ಲ, ಸುಲಭಕ್ಕೆ ಕೆರಳುವುದೂ ಇಲ್ಲ. ಹಳೇ ಹೆಸರು ಮಾತ್ರ ಉಳಿದಿದೆ. ಮದ್ದು ಸುಧಾರಿಸಿದೆ ಎಂದ ಮೇಲೆ ಸಾವಿನ ಹೊಣೆ ಇನ್ನಷ್ಟು ಸ್ಪಷ್ಟವಾಗಿ ಮನುಷ್ಯರ ಮೇಲೆ ಬೀಳುತ್ತದೆ: ಕೇಪನ್ನೂ ಕಡ್ಡಿಯನ್ನೂ ಒಟ್ಟಿಗೆ ಹೇರಿಸುವವರ ಮೇಲೆ, ಅದು ಸಾಗುವ ದಾರಿಯಲ್ಲಿ ಕಣ್ಣು ಮುಚ್ಚುವವರ ಮೇಲೆ.

ಹುಣಸೋಡಿನ ಬೂದಿ ಆರುವ ಮೊದಲೇ, ಅಕ್ರಮ ಕ್ವಾರಿಯವರು ಅರ್ಜಿ ಹಾಕಿ ಸಕ್ರಮ ಮಾಡಿಕೊಳ್ಳಲಿ ಎಂಬ ಮಾತು ಸರ್ಕಾರದ ಬಾಯಿಂದಲೇ ಬಂತು. ಸತ್ತವರ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ರಾಜ್ಯದ ತುಂಬ ಕ್ವಾರಿಗಳ ಮೇಲೆ ತಪಾಸಣೆ ಶುರುವಾಯಿತು. ತಪಾಸಣೆ ಬರುತ್ತದೆ ಎಂದರೆ ಮದ್ದು ಇಟ್ಟವನು ಏನು ಮಾಡುತ್ತಾನೆ? ಮ್ಯಾಗಜಿನ್ ಕಟ್ಟಿಸುವುದಿಲ್ಲ, ಮದ್ದನ್ನು ಅಡಗಿಸುತ್ತಾನೆ. ಅಡಗಿಸಲಿಕ್ಕೂ ತೆಗೆಯಲಿಕ್ಕೂ ಕೂಲಿಯವನನ್ನೇ ಕಳಿಸುತ್ತಾನೆ. ಹುಣಸೋಡಾಗಿ ತಿಂಗಳು ಕಳೆದಿತ್ತು ಅಷ್ಟೆ. ಫೆಬ್ರವರಿ 23ರ ನಡುರಾತ್ರಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ, ಪೊಲೀಸರ ಕಣ್ಣು ತಪ್ಪಿಸಿ ಇಟ್ಟಿದ್ದ ಕಡ್ಡಿಗಳನ್ನು ವಿಲೇವಾರಿ ಮಾಡಲು ಹೋದ ಕ್ವಾರಿಯ ಆರು ಮಂದಿ ಸಿಡಿದು ಸತ್ತರು. ಅವರಲ್ಲಿ ಒಬ್ಬ ಕಾವಲುಗಾರ.