ಊರಿನಲ್ಲಿ ಮನೆ, ರಿಯಾಲಿನಲ್ಲಿ ಲೆಕ್ಕ: ಕಟ್ಟಿಸುವ ಮುನ್ನ ಒಂದಿಷ್ಟು ಮಾಹಿತಿ

ಅಲ್ ಗರಾಫಾ, ಕತಾರ್: ಇಲ್ಲಿನ ವಿಲ್ಲಾಗಳಲ್ಲಿ ಬಾಡಿಗೆಗಿರುವ ನಮ್ಮ ಕನ್ನಡ ಕುಟುಂಬಗಳು ಶುಕ್ರವಾರ ಒಟ್ಟು ಸೇರಿದರೆ ಮಾತು ಹೇಗೋ ತಿರುಗಿ ಊರಿನ ಮನೆಗೇ ಬಂದು ನಿಲ್ಲುತ್ತದೆ. "ಚದರ ಅಡಿಗೆ ಎಷ್ಟಾಯಿತು?" ಎಂಬುದೇ ಮೊದಲ ಪ್ರಶ್ನೆ. ಉಡುಪಿಯ ಹತ್ತಿರ ಮನೆ ಕಟ್ಟಿಸಲು ಹೊರಟಾಗ ನಾವಿಬ್ಬರೂ ಇದನ್ನೇ ಕೇಳಿ, ಸಿಕ್ಕ ಉತ್ತರವನ್ನು ಗುಣಿಸಿ, ಖರ್ಚು ಇಷ್ಟೇ ಎಂದು ನಂಬಿದ್ದೆವು. ಗೋಡೆ ಲಿಂಟಲ್ ಮಟ್ಟಕ್ಕೆ ಬರುವಷ್ಟರಲ್ಲಿ ಕೈಯಲ್ಲಿದ್ದ ಹಣ ಮುಗಿಯಿತು. ಕೆಲಸ ತಿಂಗಳುಗಟ್ಟಲೆ ನಿಂತಿತು. ಮನೆ ಕಟ್ಟಿಸಬೇಕೆಂದಿರುವ ಬಂಧುಗಳಿಗೆ ಉಪಯೋಗವಾಗಲೆಂದು ಈ ಲೇಖನ.

ಲೆಕ್ಕಕ್ಕಾಗಿ 1,500 ಚದರ ಅಡಿಯ ಮನೆ, ಸಾಮಾನು ಸಮೇತ ಅಡಿಗೆ 2,200 ರೂಪಾಯಿ ಎಂದಿಟ್ಟುಕೊಳ್ಳೋಣ. 33 ಲಕ್ಷವಾಯಿತು. ಆದರೆ ಕಾಂಪೌಂಡ್ ಗೋಡೆ, ಗೇಟು, ಬಾವಿ, ಸೆಪ್ಟಿಕ್ ಟ್ಯಾಂಕ್, ಅಂಗಳದ ಇಂಟರ್‌ಲಾಕ್, ಅಡುಗೆಮನೆಯ ಕಪಾಟು, ಕರೆಂಟ್ ಕನೆಕ್ಷನ್, ಇಂಜಿನಿಯರರ ಫೀಸು ಇವೆಲ್ಲ ಸಾಮಾನ್ಯವಾಗಿ ಈ ದರದ ಹೊರಗೆ. ಸಿಟೌಟ್, ಪೋರ್ಟಿಕೋ, ಟೆರೇಸಿಗೆ ಹೋಗುವ ಮೆಟ್ಟಿಲಿನ ಕೋಣೆ ಇವಕ್ಕೆ ಪೂರ್ತಿ ದರವೋ ಅರ್ಧವೋ ಎಂದು ಮೊದಲೇ ಬರೆಸಿಕೊಳ್ಳಿ. ಜಾಗ ತಗ್ಗಿನಲ್ಲಿದ್ದರೆ ಮಣ್ಣು ತುಂಬಿಸಿ ಪಂಚಾಂಗ ಎತ್ತರಿಸುವ ಖರ್ಚು ಬೇರೆ. ನಮಗೆ ಮೊದಲು ಕೈಕೊಟ್ಟದ್ದು ಇದೇ.

ಇನ್ನು ಜಿಎಸ್‌ಟಿ. ನೋಂದಾಯಿತ ಗುತ್ತಿಗೆದಾರರು ಸಾಮಾನು ಸಮೇತ ಕಟ್ಟಿಕೊಟ್ಟರೆ ಶೇ. 18, ಅಂದರೆ 33 ಲಕ್ಷಕ್ಕೆ 5.94 ಲಕ್ಷ. ಹೇಳಿದ ದರದಲ್ಲಿ ಇದು ಸೇರಿದೆಯೇ ಎಂದು ಕೇಳಲು ನಮಗೆ ಹೊಳೆದಿರಲೇ ಇಲ್ಲ. ಸಾಮಾನು ನಾವೇ ತರಿಸಿ ಕೂಲಿಯನ್ನು ಮಾತ್ರ ಗುತ್ತಿಗೆ ಕೊಟ್ಟರೆ, ಒಂಟಿ ವಾಸದ ಮನೆಯ ಕೂಲಿಗೆ ಜಿಎಸ್‌ಟಿ ವಿನಾಯಿತಿ ಇದೆ. ಸಾಮಾನಿನ ತೆರಿಗೆ ಹೇಗೂ ತಪ್ಪದು. ಸಿಮೆಂಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಇಟ್ಟುಕೊಂಡವರು ಮತ್ತೊಮ್ಮೆ ಕೇಳಿ ನೋಡಿ. ಆದರೆ ಸಾಮಾನು ತರಿಸಲು ಊರಿನಲ್ಲಿ ಯಾರಾದರೂ ದಿನಾ ನಿಲ್ಲಬೇಕು. ನಮ್ಮ ಮಾವನವರು ಅರವತ್ತೆಂಟರ ವಯಸ್ಸಿನಲ್ಲಿ ಮರಳಿನ ಲಾರಿ ಕಾಯುತ್ತಾ ನಿಂತದ್ದು ಯಾವ ಎಸ್ಟಿಮೇಟಿನಲ್ಲೂ ಇಲ್ಲ.

ದೂರದಿಂದಲೇ ಪರೀಕ್ಷಿಸಲು ಒಂದು ಅಂದಾಜು: ಕಾಂಕ್ರೀಟ್ ಪಿಲ್ಲರಿನ ಮನೆಗೆ ಚದರ ಅಡಿಗೆ ಸುಮಾರು 0.4 ಚೀಲ ಸಿಮೆಂಟು, 4 ಕೆ.ಜಿ. ಕಬ್ಬಿಣ. ಎಂದರೆ 1,500 ಅಡಿಗೆ 600 ಚೀಲ, 6 ಟನ್. ಕೆಂಪುಕಲ್ಲಿನ ಗೋಡೆಯ ಮೇಲೆಯೇ ಸ್ಲ್ಯಾಬ್ ಕೂರಿಸುವುದಾದರೆ ಕಬ್ಬಿಣ ಇನ್ನೂ ಕಡಿಮೆ ಸಾಕು. ಬಿಲ್ಲಿನಲ್ಲಿ 9 ಟನ್ ಕಂಡರೆ ಇಂಜಿನಿಯರರನ್ನು ಕೇಳಲೇಬೇಕು.

ಕತಾರ್ ರಿಯಾಲ್ ಡಾಲರಿಗೆ 3.64ರಂತೆ ಕಟ್ಟಿಹಾಕಿದ ನಾಣ್ಯ. ಡಾಲರಿಗೆ 84 ರೂಪಾಯಿ ಇದ್ದಾಗ ರಿಯಾಲಿಗೆ ಸುಮಾರು 23. 2025ರ ಡಿಸೆಂಬರಿನಲ್ಲಿ ಡಾಲರ್ 90 ದಾಟಿದಾಗ 24.70ಕ್ಕೂ ಹೆಚ್ಚು. ಈ ಲಾಭವನ್ನು ಮೊದಲೇ ಬಜೆಟ್ಟಿಗೆ ಸೇರಿಸಬೇಡಿ. ಕಡಿಮೆ ದರ ಹಿಡಿದು ಲೆಕ್ಕ ಹಾಕಿ, ಮೇಲೆ ಸಿಕ್ಕಿದ್ದು ಟೈಲ್ಸಿಗಾಯಿತು.

ಸಾಲ ಪಡೆಯುವವರಿಗೆ ರಿಸರ್ವ್ ಬ್ಯಾಂಕಿನ ಮಿತಿ ಹೀಗಿದೆ: 30 ಲಕ್ಷದವರೆಗಿನ ಸಾಲಕ್ಕೆ ಗರಿಷ್ಠ ಶೇ. 90, ಅದರ ಮೇಲೆ 75 ಲಕ್ಷದವರೆಗೆ ಶೇ. 80. ಹಣ ಕಂತುಕಂತಾಗಿ, ಕೆಲಸ ಮುಗಿದ ಹಂತ ನೋಡಿ ಬರುತ್ತದೆ. ಇಂಜಿನಿಯರರ ಎಸ್ಟಿಮೇಟಿನಲ್ಲಿ ಬಿಟ್ಟುಹೋದ ಕಾಂಪೌಂಡಿಗೆ ಬ್ಯಾಂಕಿನ ಹಣ ನಂಬುವಂತಿಲ್ಲ, ನಮ್ಮ ಸಂಬಳವೇ ಗತಿ. ಇನ್ನೊಂದು ಮಾತು, ಜಾಗವನ್ನೂ ಕೊಳ್ಳುವವರಿಗೆ: ಅನಿವಾಸಿ ಭಾರತೀಯರು ಕೃಷಿ ಜಮೀನು ಕೊಳ್ಳುವಂತಿಲ್ಲ, ಕನ್ವರ್ಷನ್ ಆದ ಜಾಗವನ್ನೇ ನೋಡಿ.

ಸಮಯಕ್ಕೂ ಬೆಲೆಯಿದೆ. ಮಕ್ಕಳ ಶಾಲೆಗೆ ರಜೆ ಜುಲೈ-ಆಗಸ್ಟ್. ಕರಾವಳಿಯಲ್ಲಿ ಆಗ ಜಡಿಮಳೆ. ನಾವು ಊರಿಗೆ ಹೋದಾಗ ಕಂಡದ್ದು ನೀರು ತುಂಬಿದ ಕೋಣೆಗಳು, ಟಾರ್ಪಲ್ ಅಡಿಯ ಸಿಮೆಂಟು ಮತ್ತು ಮುಂದಿನ ಕಂತು ಕೇಳಲು ಬಂದ ಗುತ್ತಿಗೆದಾರರು. ದೀಪಾವಳಿಯ ಹೊತ್ತಿಗೆ ಪಾಯ ತೋಡಿ, ಮೇ ತಿಂಗಳೊಳಗೆ ಸ್ಲ್ಯಾಬ್ ಹಾಕಿಸುವಂತೆ ಹಣ ಹೊಂದಿಸಿಕೊಳ್ಳುವುದು ಒಳ್ಳೆಯದು. ಒಟ್ಟು ಮೊತ್ತದ ಶೇ. 10ನ್ನು ಮುಟ್ಟದೆ ಬದಿಗಿಡಿ.

ನಾವು ಸಾಫ್ಟ್‌ವೇರಿನವರು. ಕ್ಲೈಂಟ್ ನಡುವೆ ಬದಲಾವಣೆ ಕೇಳಿದರೆ ಬಿಲ್ ಏರಿಸುವ ನಾವೇ, ಗೋಡೆ ಎದ್ದ ಮೇಲೆ ಬಾತ್‌ರೂಮಿನ ಜಾಗ ಬದಲಿಸಿ ಎಂದು ವಾಟ್ಸಾಪಿನಲ್ಲಿ ಹೇಳಿ, ಬಂದ ಬಿಲ್ ನೋಡಿ ಬೆಚ್ಚಿಬಿದ್ದೆವು! ಕೊನೆಗೆ ಮಹಡಿಯ ಎರಡು ಕೋಣೆ ಕೈಬಿಟ್ಟು ಮನೆ ಮುಗಿಸಿದೆವು.

ನಮ್ಮ ಎಕ್ಸೆಲ್ ಹಾಳೆ ಬೇಕಾದವರು ಸಂಘದ ಮುಂದಿನ ಕಾರ್ಯಕ್ರಮದಲ್ಲಿ ಸಿಕ್ಕಾಗ ಕೇಳಿ, ಸಂತೋಷದಿಂದ ಕೊಡುತ್ತೇವೆ. ಗೃಹಪ್ರವೇಶದ ಊಟದ ಖರ್ಚಿಗೂ ಅದರಲ್ಲಿ ಒಂದು ಸಾಲಿದೆ.